ಗೇಟಿನಲ್ಲಿ ತೋರಿಸಿದ ಚೀಟಿ: ನೆಕ್ಸ್ಟ್.ಜೆಎಸ್ ಲೋಪ, ಅದರ ಪ್ಯಾಚ್ ಮತ್ತು ಕೊಡಗಿನ ವೆಬ್‌ಸೈಟುಗಳು

2025ರ ಮಾರ್ಚ್ 21ರಂದು ನೆಕ್ಸ್ಟ್.ಜೆಎಸ್ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿದ್ದ ಭದ್ರತಾ ಲೋಪವೊಂದು ಬಹಿರಂಗವಾಯಿತು. ಅದಕ್ಕೆ ಸಿವಿಇ-2025-29927 ಎಂಬ ಗುರುತಿನ ಸಂಖ್ಯೆಯೂ ಹತ್ತಕ್ಕೆ 9.1ರ ತೀವ್ರತಾ ಅಂಕವೂ ಸಿಕ್ಕವು. ಕೊಡಗಿನಲ್ಲಿ ಅದು ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ತಿಂಗಳು. ಬೇಸಿಗೆ ರಜೆಯ ಹೋಂಸ್ಟೇ ಬುಕಿಂಗ್ ಏರತೊಡಗುವ ತಿಂಗಳೂ ಹೌದು. ಸ್ವಂತ ಸೈಟ್ ಇಟ್ಟುಕೊಂಡ ಹೋಂಸ್ಟೇಯವರಿಗೆ, ಕಾಫಿಪುಡಿ ಮತ್ತು ಕರಿಮೆಣಸನ್ನು ಆನ್‌ಲೈನ್‌ನಲ್ಲಿ ಮಾರುವ ಬೆಳೆಗಾರರಿಗೆ, ಸದಸ್ಯರ ವಿವರಗಳನ್ನು ಸೈಟಿನಲ್ಲೇ ಇಟ್ಟ ಸಂಘಗಳಿಗೆ ಈ ಸುದ್ದಿಯಿಂದ ಸಿಗುವುದು ಒಂದಕ್ಕೊಂದು ಹೊಂದದ ಮೂರು ಮಾತು. ಲಾಗಿನ್ ಆಗದೆಯೇ ಯಾರು ಬೇಕಾದರೂ ಒಳಪುಟಗಳಿಗೆ ಹೋಗಬಹುದು ಎಂಬುದು ಮೊದಲನೆಯದು. ಕೆಲವು ಕಂಪನಿಗಳ ಸರ್ವರ್‌ನಲ್ಲಿರುವ ಸೈಟುಗಳಿಗೆ ಏನೂ ಆಗುವುದಿಲ್ಲ ಎಂಬುದು ಎರಡನೆಯದು. ಲೋಪವನ್ನು ಸರಿಪಡಿಸುವ ಪ್ಯಾಚ್ ಬಂದಾಗಿದೆ, ಆದರೆ ಸೈಟ್ ನಡೆಸುವವರೇ ಅದನ್ನು ಹಾಕಿಕೊಳ್ಳಬೇಕು ಎಂಬುದು ಮೂರನೆಯದು.

ಅದೇ ವರ್ಷದ ಡಿಸೆಂಬರ್‌ನಲ್ಲಿ, ಅರೇಬಿಕಾ ಕೊಯ್ಲಿನ ನಡುವೆ, ಅದೇ ಫ್ರೇಮ್‌ವರ್ಕ್‌ಗೆ ಸಂಬಂಧಿಸಿದ ಇನ್ನೊಂದು ಲೋಪದ ಸುದ್ದಿ ಬಂತು. ‘ಮಾರ್ಚ್‌ನಲ್ಲೇ ಸರಿ ಮಾಡಿಸಿದ್ದೆವಲ್ಲ, ಮತ್ತೇಕೆ?’ ಎಂಬ ಪ್ರಶ್ನೆಯೂ ಜೊತೆಗೇ ಎದ್ದಿತು. ಮಾರ್ಚ್ ಸುದ್ದಿಯ ಆ ಮೂರು ಮಾತುಗಳೂ ನಿಜವೇ. ಅವು ಒಟ್ಟಿಗೆ ನಿಜವಾಗುವುದು ಹೇಗೆಂದು ತಿಳಿಯಬೇಕಾದರೆ ಲೋಪ ಎಲ್ಲಿತ್ತು, ಪ್ಯಾಚ್ ಏನನ್ನು ಬದಲಿಸಿತು, ಆ ಪ್ಯಾಚ್ ಒಂದು ಸಣ್ಣ ಸೈಟಿನವರೆಗೆ ತಲುಪುವ ದಾರಿಯಲ್ಲಿ ಯಾರು ಯಾರು ನಿಂತಿದ್ದಾರೆ ಎಂಬುದನ್ನು ಬಿಡಿಸಿ ನೋಡಬೇಕು.

ಫ್ರೇಮ್‌ವರ್ಕ್ ಎಂದರೆ

ವೆಬ್‌ಸೈಟನ್ನು ಇಂದು ಯಾರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೈಯಾರೆ ಬರೆಯುವುದಿಲ್ಲ. ಪುಟಗಳನ್ನು ಜೋಡಿಸುವುದು, ಬಂದ ಕೋರಿಕೆಯನ್ನು ಸರಿಯಾದ ಪುಟಕ್ಕೆ ಕಳುಹಿಸುವುದು, ಚಿತ್ರಗಳನ್ನು ಹಗುರಗೊಳಿಸುವುದು ಮುಂತಾದ ಎಲ್ಲ ಸೈಟಿಗೂ ಬೇಕಾದ ಕೆಲಸಗಳನ್ನು ಮೊದಲೇ ಮಾಡಿಟ್ಟ ತಂತ್ರಾಂಶದ ಚೌಕಟ್ಟೇ ಫ್ರೇಮ್‌ವರ್ಕ್. ನೆಕ್ಸ್ಟ್.ಜೆಎಸ್ 2016ರಲ್ಲಿ ಬಂದದ್ದು. ಇಂದು ವರ್ಸೆಲ್ ಎಂಬ ಹೆಸರಿರುವ ಅಮೆರಿಕದ ಕಂಪನಿ ಅದನ್ನು ರೂಪಿಸಿ ನಿರ್ವಹಿಸುತ್ತಿದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶವಾದ್ದರಿಂದ ದೊಡ್ಡ ಕಂಪನಿಗಳೂ, ಒಬ್ಬರೇ ಕೂತು ಹತ್ತಾರು ಗ್ರಾಹಕರಿಗೆ ಸೈಟ್ ಮಾಡಿಕೊಡುವ ಯುವ ಡೆವಲಪರ್‌ಗಳೂ ಇದನ್ನೇ ಬಳಸುತ್ತಾರೆ.

2021ರ ಅಕ್ಟೋಬರ್‌ನಲ್ಲಿ ಬಂದ 12ನೇ ಆವೃತ್ತಿಯಲ್ಲಿ ಇದಕ್ಕೆ ‘ಮಿಡಲ್‌ವೇರ್’ ಎಂಬ ಸೌಲಭ್ಯ ಸೇರಿತು. ಸೈಟಿಗೆ ಬರುವ ಪ್ರತಿಯೊಂದು ಕೋರಿಕೆಯೂ ಪುಟವನ್ನು ಮುಟ್ಟುವ ಮೊದಲು ಮಿಡಲ್‌ವೇರ್ ಮೂಲಕ ಹಾದು ಹೋಗುವಂತೆ ಮಾಡಬಹುದು. ಅಲ್ಲಿ ಕೆಲವೇ ಸಾಲು ಬರೆದರೆ ಸಾಕು: ಲಾಗಿನ್ ಆಗಿದ್ದರೆ ಬಿಡು, ಆಗಿಲ್ಲದಿದ್ದರೆ ಲಾಗಿನ್ ಪುಟಕ್ಕೆ ಕಳಿಸು. ಇಡೀ ಸೈಟಿಗೆ ಒಂದೇ ಗೇಟು, ಒಬ್ಬನೇ ಕಾವಲುಗಾರ. ಬರೆಯಲು ಸುಲಭ, ಓದಲು ಸುಲಭ. ಆದ್ದರಿಂದಲೇ ಬಹಳಷ್ಟು ಡೆವಲಪರ್‌ಗಳು ಪ್ರವೇಶ ನಿಯಂತ್ರಣದ ಪೂರ್ತಿ ಭಾರವನ್ನು ಈ ಗೇಟಿನ ಮೇಲೆಯೇ ಹಾಕಿದರು.

ಗುರುತು ಬೇರೆ, ಅನುಮತಿ ಬೇರೆ

ಪ್ರವೇಶ ನಿಯಂತ್ರಣದಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಬಂದವರು ಯಾರು ಎಂಬುದು ಒಂದು. ಅವರು ಎಲ್ಲಿಯವರೆಗೆ ಬರಬಹುದು ಎಂಬುದು ಇನ್ನೊಂದು. ಕೊಡಗಿನವರಿಗೆ ಈ ಭೇದವನ್ನು ಹೇಳಿಕೊಡಬೇಕಾಗಿಲ್ಲ. ಮನೆತನದ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗುಲಿಯಲ್ಲಿ, ಕೂತು ಕಾಫಿ ಕುಡಿಯುವ ಅತಿಥಿ ಮನೆಯವರಿಗೆ ಚೆನ್ನಾಗಿ ಗೊತ್ತಿರುವವರೇ ಆಗಿರಬಹುದು. ಹಾಗೆಂದು ಅವರು ಪೂಜೆಯ ಒಳಕೋಣೆಯಾದ ಕನ್ನಿಕೋಂಬರೆಯೊಳಗೆ ಹೋಗುವುದಿಲ್ಲ. ಪರಿಚಯ ಒಂದು ಮಾತು, ಒಳಕೋಣೆಯ ಪ್ರವೇಶ ಇನ್ನೊಂದು ಮಾತು.

ತಂತ್ರಾಂಶದಲ್ಲಿ ಈ ಎರಡನೆಯ ಪ್ರಶ್ನೆಯೇ ಹೆಚ್ಚಾಗಿ ಎಡವುತ್ತದೆ. ವೆಬ್ ಭದ್ರತೆಗೆ ಮೀಸಲಾದ ಓವಾಸ್ಪ್ ಸಂಸ್ಥೆ ಆಗಾಗ ಪ್ರಕಟಿಸುವ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ವೈಫಲ್ಯ 2017ರಲ್ಲಿ ಐದನೆಯ ಸ್ಥಾನದಲ್ಲಿತ್ತು. 2021ರ ಪಟ್ಟಿಯಲ್ಲಿ ಮೊದಲನೆಯದಾಯಿತು. ಪಾಸ್‌ವರ್ಡ್ ಕದಿಯುವುದಕ್ಕಿಂತ, ಪಾಸ್‌ವರ್ಡ್ ಕೇಳುವುದನ್ನೇ ಮರೆತ ಬಾಗಿಲನ್ನು ಹುಡುಕುವುದು ಸುಲಭವೂ ಹೌದು.

ಚೀಟಿಯನ್ನು ನಂಬಿದ ಗೇಟು

ನಾಗರಹೊಳೆಯ ಕಾಡಿನೊಳಗಿನ ರಸ್ತೆಯಲ್ಲಿ ಓಡಾಡುವ ಕುಟ್ಟದ ಕಡೆಯವರಿಗೆ ಒಂದು ಪದ್ಧತಿ ಗೊತ್ತು: ಒಂದು ಗೇಟಿನಲ್ಲಿ ಕೊಟ್ಟ ಚೀಟಿಯನ್ನು ಮುಂದಿನ ಗೇಟಿನಲ್ಲಿ ತೋರಿಸಬೇಕು. ಚೀಟಿ ಇದ್ದರೆ ಆ ವಾಹನ ಮೊದಲ ಗೇಟನ್ನು ದಾಟಿಯೇ ಬಂದಿದೆ ಎಂದು ಅರ್ಥ. ಆ ಚೀಟಿಯನ್ನು ಚಾಲಕನೇ ಮನೆಯಲ್ಲಿ ಬರೆದುಕೊಂಡು ಬಂದರೆ ಏನಾಗುತ್ತದೆ? ಅಕ್ಷರ ಯಾರದೆಂದು ಗೇಟಿನವರು ನೋಡದಿದ್ದರೆ ವಾಹನ ಹೊರಟುಹೋಗುತ್ತದೆ. ನೆಕ್ಸ್ಟ್.ಜೆಎಸ್‌ನಲ್ಲಿ ಆದದ್ದು ಇದೇ.

ಮಿಡಲ್‌ವೇರ್ ತಾನೇ ಒಮ್ಮೊಮ್ಮೆ ಅದೇ ಸೈಟಿಗೆ ಇನ್ನೊಂದು ಕೋರಿಕೆಯನ್ನು ಕಳಿಸುವುದುಂಟು. ಆ ಕೋರಿಕೆಯೂ ಮತ್ತೆ ಮಿಡಲ್‌ವೇರ್ ಮೂಲಕವೇ ಹಾದರೆ, ಅದು ಮತ್ತೊಂದನ್ನು ಕಳಿಸಿದರೆ, ಸುತ್ತು ಮುಗಿಯುವುದೇ ಇಲ್ಲ, ಸರ್ವರ್ ಕುಸಿಯುತ್ತದೆ. ಇದನ್ನು ತಪ್ಪಿಸಲು ಒಳಗಿನಿಂದ ಹೊರಟ ಕೋರಿಕೆಯ ತಲೆಬರಹದಲ್ಲಿ ‘ಎಕ್ಸ್-ಮಿಡಲ್‌ವೇರ್-ಸಬ್‌ರಿಕ್ವೆಸ್ಟ್’ ಎಂಬ ಒಂದು ಹೆಡರ್, ಅಂದರೆ ಚೀಟಿಯಂಥ ಒಂದು ಸಾಲು, ಸೇರಿಸಿ, ಅದರಲ್ಲಿ ಹಾದುಬಂದ ಮಿಡಲ್‌ವೇರ್‌ನ ಹೆಸರನ್ನು ಬರೆಯುವ ಏರ್ಪಾಡು ಮಾಡಲಾಗಿತ್ತು. ಹೊಸ ಆವೃತ್ತಿಗಳಲ್ಲಿ ಆ ಹೆಸರು ಐದು ಸಲ ಕಂಡರೆ, ಸುತ್ತು ಸಾಕಷ್ಟಾಯಿತು ಎಂದು ಬಗೆದು ಮಿಡಲ್‌ವೇರನ್ನು ಬಿಟ್ಟು ಕೋರಿಕೆಯನ್ನು ನೇರವಾಗಿ ಪುಟಕ್ಕೆ ಕಳಿಸುತ್ತಿತ್ತು. ಹಳೆಯ ಆವೃತ್ತಿಗಳಲ್ಲಿ ಹೆಸರು ಒಂದು ಸಲ ಇದ್ದರೂ ಸಾಕಿತ್ತು.

ಏರ್ಪಾಡಿನ ಉದ್ದೇಶ ಒಳ್ಳೆಯದೇ. ಆದರೆ ಕೋರಿಕೆಯ ಹೆಡರ್‌ಗಳನ್ನು ಹೊರಗಿನವರೂ ಬರೆಯಬಹುದು. ಅದಕ್ಕೆ ಯಾವ ವಿಶೇಷ ಸಾಧನವೂ ಬೇಕಾಗಿಲ್ಲ. ಒಂದು ಹೋಂಸ್ಟೇ ಸೈಟಿನ ‘ಅಡ್ಮಿನ್’ ಪುಟವನ್ನು ಊಹಿಸಿಕೊಳ್ಳಿ: ಈ ವಾರ ಬರುವ ಅತಿಥಿಗಳ ಹೆಸರು, ಫೋನ್ ನಂಬರ್, ಕಟ್ಟಿದ ಮುಂಗಡ, ಪಕ್ಕದಲ್ಲಿ ಆಧಾರ್ ಕಾರ್ಡಿನ ಫೋಟೋ ತೆರೆಯುವ ಒಂದು ಗುಂಡಿ. ಲಾಗಿನ್ ಆಗದೆ ಆ ವಿಳಾಸಕ್ಕೆ ಹೋದವರನ್ನು ಮಿಡಲ್‌ವೇರ್ ಲಾಗಿನ್ ಪುಟಕ್ಕೆ ತಿರುಗಿಸುತ್ತದೆ. ಅದೇ ಕೋರಿಕೆಗೆ ಆ ಹೆಡರ್ ಸೇರಿಸಿ, ‘ಮಿಡಲ್‌ವೇರ್’ ಎಂಬ ಪದವನ್ನು ನಡುನಡುವೆ ಕೋಲನ್ ಹಾಕಿ ಐದು ಸಲ ಬರೆದರೆ ಗೇಟು ಕಣ್ಣು ಮುಚ್ಚುತ್ತದೆ, ಅತಿಥಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಮುರಿಯಲಿಲ್ಲ, ಯಾರನ್ನೂ ಮೋಸಗೊಳಿಸಿ ಒಟಿಪಿ ಕೇಳಲಿಲ್ಲ. ಒಂದೇ ಒಂದು ಸಾಲು. 9.1ರ ಅಂಕ ಬಂದದ್ದು ಈ ಸರಳತೆಯಿಂದ.

ಯಾರಿಗೆ ಅಪಾಯ, ಯಾರಿಗಲ್ಲ

ಸುದ್ದಿಯ ಎರಡನೆಯ ಮಾತು ಇಲ್ಲಿ ಅರ್ಥವಾಗುತ್ತದೆ. ಬಾಡಿಗೆಗೆ ಪಡೆದ ಸ್ವಂತ ಸರ್ವರ್‌ನಲ್ಲಿ ನೆಕ್ಸ್ಟ್.ಜೆಎಸ್ ಅನ್ನು ನಡೆಸುತ್ತಿದ್ದ, ಮಿಡಲ್‌ವೇರ್ ಬಳಸುತ್ತಿದ್ದ ಸೈಟುಗಳು ಅಪಾಯದಲ್ಲಿದ್ದವು. ವರ್ಸೆಲ್ ಮತ್ತು ನೆಟ್ಲಿಫೈ ಕಂಪನಿಗಳ ಸೇವೆಯಲ್ಲಿ ಇಟ್ಟಿದ್ದ ಸೈಟುಗಳಿಗೆ ಇದು ತಾಗಲಿಲ್ಲ. ಅಲ್ಲಿ ಮಿಡಲ್‌ವೇರ್ ನಡೆಯುವ ವ್ಯವಸ್ಥೆಯೇ ಬೇರೆ. ಎಲ್ಲ ಪುಟಗಳನ್ನೂ ಮೊದಲೇ ತಯಾರಿಸಿ ಸ್ಥಿರ ಕಡತಗಳಾಗಿ ಇಟ್ಟ ಸೈಟುಗಳಲ್ಲಿ ಮಿಡಲ್‌ವೇರ್ ಓಡುವುದೇ ಇಲ್ಲವಾದ್ದರಿಂದ ಅವಕ್ಕೂ ಅಪಾಯವಿರಲಿಲ್ಲ. ಕೋಣೆಗಳ ಚಿತ್ರ, ದರ, ದಾರಿ ತೋರಿಸುವ ನಕ್ಷೆ ಇಷ್ಟೇ ಇರುವ ಸೈಟಿನಲ್ಲಿ ಮುಚ್ಚಿಡಬೇಕಾದ ಪುಟವೇ ಇರುವುದಿಲ್ಲ.

ಮಾಲೀಕರಿಗೆ ತಮ್ಮ ಸೈಟ್ ಈ ಪೈಕಿ ಯಾವುದರಲ್ಲಿ ಬರುತ್ತದೆಂದು ತಿಳಿಯದಿರುವುದೇ ಹೆಚ್ಚು. ಅದಕ್ಕೊಂದು ಸುಲಭದ ಸುಳಿವು ಪ್ರತಿ ವರ್ಷ ಅಥವಾ ಪ್ರತಿ ತಿಂಗಳು ಕಟ್ಟುವ ಹಣದ ರಸೀದಿಯಲ್ಲಿದೆ: ಡೊಮೇನ್ ಹೆಸರಿನ ಹಣವಲ್ಲದೆ ಸರ್ವರ್ ಬಾಡಿಗೆ ಯಾರಿಗೆ ಹೋಗುತ್ತಿದೆ ಎಂದು ನೋಡಿದರೆ ಸೈಟ್ ಎಲ್ಲಿ ವಾಸವಾಗಿದೆ ಎಂಬುದು ತಿಳಿಯುತ್ತದೆ.

ಪ್ಯಾಚ್ ಮಾಡಿದ್ದೇನು

ಸರಿಪಡಿಸಿದ ಆವೃತ್ತಿಗಳು 15.2.3, 14.2.25, 13.5.9 ಮತ್ತು 12.3.5. ಬದಲಾದ ಕೋಡ್ ದೊಡ್ಡದೇನಲ್ಲ. ಸರ್ವರ್ ಶುರುವಾಗುವಾಗ ಊಹಿಸಲಾಗದ ಒಂದು ಗುರುತನ್ನು ಹುಟ್ಟಿಸಿಕೊಳ್ಳುತ್ತದೆ. ಒಳಗಿನಿಂದ ಹೊರಡುವ ಕೋರಿಕೆಯ ಜೊತೆಗೆ ಆ ಗುರುತನ್ನೂ ಕಳಿಸುತ್ತದೆ. ಗುರುತು ಹೊಂದದ ಕೋರಿಕೆಯಲ್ಲಿ ಆ ಹಳೆಯ ಹೆಡರ್ ಕಂಡರೆ ಅದನ್ನು ಕಿತ್ತುಹಾಕುತ್ತದೆ. ಚೀಟಿಯ ಮೇಲೆ ಆ ದಿನದ ಮೊಹರು ಬಿದ್ದಿದೆಯೇ ಎಂದು ನೋಡುವ ಪದ್ಧತಿ ಬಂತು ಎನ್ನಬಹುದು.

ಇಲ್ಲೊಂದು ಸೂಕ್ಷ್ಮ ಬೆಳವಣಿಗೆ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಮಿಡಲ್‌ವೇರ್ ಹೊರಗಿನ ಬೇರೆ ಸೈಟಿಗೆ, ಉದಾಹರಣೆಗೆ ಹವಾಮಾನದ ಮಾಹಿತಿ ಕೊಡುವ ಸೇವೆಗೆ, ಕೋರಿಕೆ ಕಳಿಸಿದಾಗ ಈ ಗುಟ್ಟಿನ ಗುರುತೂ ಅದರ ಜೊತೆ ಹೊರಗೆ ಹೋಗುತ್ತಿತ್ತು. ಮೊಹರಿನ ಅಚ್ಚು ಊರಾಚೆ ಹೋದಂತೆ. ತೀವ್ರತೆ ಬಹಳ ಕಡಿಮೆಯಾದರೂ ಇದಕ್ಕೆ ಸಿವಿಇ-2025-30218 ಎಂಬ ಪ್ರತ್ಯೇಕ ಸಂಖ್ಯೆ ಕೊಟ್ಟು, 15.2.4, 14.2.26, 13.5.10 ಮತ್ತು 12.3.6 ಆವೃತ್ತಿಗಳಲ್ಲಿ ಸರಿಪಡಿಸಲಾಯಿತು. ಅವಸರದಲ್ಲಿ ಹಾಕಿದ ಪ್ಯಾಚ್‌ಗೂ ಮರುಪರಿಶೀಲನೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಆ ಮೂರು ವಾರಗಳ ಬಗ್ಗೆ ತಕರಾರು

ಈ ಲೋಪವನ್ನು ಕಂಡುಹಿಡಿದವರು ರಶೀದ್ ಅಲ್ಲಾಮ್ ಮತ್ತು ಯಾಸೆರ್ ಅಲ್ಲಾಮ್ ಎಂಬ ಸಂಶೋಧಕರು. ಅವರು ವರದಿ ಕಳಿಸಿದ್ದು ಫೆಬ್ರುವರಿ 27ರಂದು. ನೆಕ್ಸ್ಟ್.ಜೆಎಸ್ ತಂಡ ಅದನ್ನು ಕೈಗೆತ್ತಿಕೊಂಡದ್ದು ಮಾರ್ಚ್ 14ರಂದು. ಅಲ್ಲಿಂದ ಮುಂದೆ ಕೆಲಸ ವೇಗವಾಗಿಯೇ ನಡೆಯಿತು: 17 ಮತ್ತು 18ರಂದು 14 ಮತ್ತು 15ನೇ ಆವೃತ್ತಿಗಳ ಪ್ಯಾಚ್, 21ರಂದು ಬಹಿರಂಗ ಸೂಚನೆ, ಅದರ ಬೆನ್ನಿಗೆ 13 ಮತ್ತು 12ನೇ ಆವೃತ್ತಿಗಳ ಪ್ಯಾಚ್.

ಟೀಕಾಕಾರರ ಆಕ್ಷೇಪ ಮೊದಲ ಎರಡು ವಾರದ ಮೌನದ ಬಗ್ಗೆ, ಮತ್ತು ಸೈಟುಗಳಿಗೆ ಸರ್ವರ್ ಒದಗಿಸುವ ಬೇರೆ ಹೋಸ್ಟಿಂಗ್ ಕಂಪನಿಗಳಿಗೆ ಮುಂಚೆಯೇ ತಿಳಿಸದಿದ್ದ ಬಗ್ಗೆ. ತನ್ನ ಸೇವೆಯಲ್ಲಿರುವ ಸೈಟುಗಳು ಸುರಕ್ಷಿತವಾಗಿರುವ ಕಂಪನಿಗೆ ಹೊರಗಿನವರ ಸೈಟುಗಳ ಕುರಿತು ಎಷ್ಟು ಆತುರ ಇರುತ್ತದೆ ಎಂಬ ಪ್ರಶ್ನೆಯೂ ಇದರ ಹಿಂದೆ ಇತ್ತು. ಇನ್ನೊಂದು ಕಡೆಯವರ ವಾದವೂ ಹಗುರವಲ್ಲ: ಪ್ಯಾಚ್ ಸಿದ್ಧವಾಗುವ ಮೊದಲೇ ಕೂಗಿ ಹೇಳಿದರೆ ಕಳ್ಳನಿಗೆ ಮೊದಲು ತಿಳಿಯುತ್ತದೆ, ಮನೆಯವರಿಗೆ ಆಮೇಲೆ. ಎರಡೂ ಕಡೆಯವರು ಒಪ್ಪುವ ಒಂದು ಸಂಗತಿ ಸಣ್ಣ ಸೈಟುಗಳ ಪಾಲಿಗೆ ಎಲ್ಲಕ್ಕಿಂತ ಮುಖ್ಯ. ಮುಕ್ತ ತಂತ್ರಾಂಶದ ಪ್ಯಾಚ್ ಹೊರಬಿದ್ದ ಕ್ಷಣದಲ್ಲೇ ಹಳೆಯ ಕೋಡ್ ಮತ್ತು ಹೊಸ ಕೋಡನ್ನು ಅಕ್ಕಪಕ್ಕ ಇಟ್ಟು ನೋಡಿ ತೂತು ಎಲ್ಲಿತ್ತೆಂದು ಯಾರು ಬೇಕಾದರೂ ಕಂಡುಕೊಳ್ಳಬಹುದು. ಹಾಗಾಗಿ ಪ್ಯಾಚ್ ಬಂದ ದಿನದಿಂದ, ಅದನ್ನು ಹಾಕಿಕೊಳ್ಳದ ಸೈಟಿಗೆ ಅಪಾಯ ಹೆಚ್ಚುತ್ತಲೇ ಹೋಗುತ್ತದೆ.

ತಪ್ಪು ಗೇಟಿನದೋ, ಮನೆಯದೋ

ಎರಡನೆಯ ವಿವಾದ ಜವಾಬ್ದಾರಿಯ ಕುರಿತಾದದ್ದು. ಮಿಡಲ್‌ವೇರ್ ಮೊದಲ ಹಂತದ ತಪಾಸಣೆಗೆ ಅನುಕೂಲ, ಆದರೆ ದತ್ತಾಂಶದ ರಕ್ಷಣೆಗೆ ಅದೊಂದನ್ನೇ ನೆಚ್ಚಬಾರದು ಎಂಬುದು ಫ್ರೇಮ್‌ವರ್ಕ್‌ನ ಕಡೆಯವರ ನಿಲುವು, ನೆಕ್ಸ್ಟ್.ಜೆಎಸ್ ಕೈಪಿಡಿಯಲ್ಲೂ ಈ ಅರ್ಥದ ಸೂಚನೆ ಇದೆ. ಅತಿಥಿಗಳ ಪಟ್ಟಿಯನ್ನು ಡೇಟಾಬೇಸ್‌ನಿಂದ ತೆಗೆಯುವ ಜಾಗದಲ್ಲೇ ‘ಕೇಳುತ್ತಿರುವವರು ಮಾಲೀಕರೇ?’ ಎಂದು ಇನ್ನೊಮ್ಮೆ ನೋಡುವ ಸಾಲು ಇದ್ದಿದ್ದರೆ, ಗೇಟು ದಾಟಿ ಬಂದವರಿಗೂ ಖಾಲಿ ಪುಟವೇ ಸಿಗುತ್ತಿತ್ತು.

ಡೆವಲಪರ್‌ಗಳ ಉತ್ತರವೂ ನ್ಯಾಯವಾದದ್ದೇ. ಲಾಗಿನ್ ಪರೀಕ್ಷೆಯನ್ನು ಮಿಡಲ್‌ವೇರ್‌ನಲ್ಲಿ ಬರೆಯುವ ಮಾದರಿಗಳು ಎಲ್ಲೆಡೆ ಹರಡಿದ್ದವು. ಲಾಗಿನ್ ಸೇವೆ ಒದಗಿಸುವ ಹಲವರು ಕೊಡುತ್ತಿದ್ದ ಸಿದ್ಧ ಕೋಡ್ ಕೂಡ ಅಲ್ಲೇ ಕೂರುತ್ತಿತ್ತು. ಸುಲಭದ ದಾರಿಯನ್ನು ತೋರಿಸಿ, ಆಮೇಲೆ ಆ ದಾರಿಯಲ್ಲಿ ನಡೆದದ್ದೇ ತಪ್ಪು ಎಂದರೆ ಒಪ್ಪುವುದು ಹೇಗೆ? 2025ರ ಅಕ್ಟೋಬರ್‌ನಲ್ಲಿ ಬಂದ 16ನೇ ಆವೃತ್ತಿಯಲ್ಲಿ ಮಿಡಲ್‌ವೇರ್ ಎಂಬ ಹೆಸರನ್ನೇ ಕೈಬಿಟ್ಟು ‘ಪ್ರಾಕ್ಸಿ’ ಎಂದು ಕರೆದರು. ಅದು ಕೋರಿಕೆಯನ್ನು ದಾಟಿಸುವ ಜಾಗವೆಂಬುದು ಹೆಸರಿನಿಂದಲೇ ತಿಳಿಯಲಿ ಎಂಬ ಆಶಯ ಅದರಲ್ಲಿದೆ. ಹಳೆಯ ಹೆಸರು ತಪ್ಪು ನಿರೀಕ್ಷೆ ಹುಟ್ಟಿಸುತ್ತಿತ್ತು ಎಂಬ ಟೀಕೆಗೆ ಇದರಿಂದ ಬಲವೇ ಬರುತ್ತದೆ.

ನನ್ನ ತೀರ್ಮಾನ ಹೀಗಿದೆ: ಲೋಪ ಖಂಡಿತವಾಗಿ ಫ್ರೇಮ್‌ವರ್ಕ್‌ನದು. ಆದರೆ ಆಧಾರ್ ಪ್ರತಿಗಳಂಥ ದಾಖಲೆ ಇರುವ ಕೋಣೆಗೆ ಅದರದ್ದೇ ಬೀಗ ಹಾಕದೆ, ಗೇಟಿನ ಚಿಲಕವೊಂದನ್ನೇ ನಂಬಿ ಕೂತ ಸೈಟ್ ನಾಳೆ ಇನ್ನೊಂದು ಫ್ರೇಮ್‌ವರ್ಕ್‌ನ ಇನ್ನೊಂದು ಲೋಪಕ್ಕೂ ತೆರೆದುಕೊಂಡೇ ಇರುತ್ತದೆ. ಪ್ಯಾಚ್ ಈ ಒಂದು ತೂತನ್ನು ಮುಚ್ಚುತ್ತದೆ. ಸೈಟನ್ನು ಕಟ್ಟಿದ ರೀತಿಯನ್ನು ಅದು ಬದಲಿಸುವುದಿಲ್ಲ.

ಹೊರಗಿನಿಂದ ತಡೆಯುವ ಪ್ರಯತ್ನ

ಆವೃತ್ತಿಯನ್ನು ಕೂಡಲೇ ಬದಲಿಸಲಾಗದವರಿಗೆ ಒಂದು ತಾತ್ಕಾಲಿಕ ಉಪಾಯವನ್ನೂ ಸೂಚಿಸಲಾಗಿತ್ತು. ಸೈಟಿನ ಮುಂದೆ ನಿಲ್ಲುವ ಎನ್‌ಜಿನ್‌ಎಕ್ಸ್‌ನಂಥ ಸರ್ವರ್‌ನಲ್ಲೇ ಆ ಹೆಡರನ್ನು ಅಳಿಸಿಹಾಕುವುದು. ಎನ್‌ಜಿನ್‌ಎಕ್ಸ್‌ನಲ್ಲಾದರೆ ಒಂದು ಸಾಲಿನ ಕೆಲಸ. ಸೈಟುಗಳ ಮುಂದೆ ನಿಂತು ರಕ್ಷಣೆ ಕೊಡುವ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಗ್ರಾಹಕರ ಸೈಟುಗಳಿಗೆ ಇಂಥದೇ ತಡೆಯನ್ನು ತಾನಾಗಿಯೇ ಹಾಕಿತು. ಆದರೆ ಹೊರಗಿನ ಲಾಗಿನ್ ಸೇವೆಗಳನ್ನು ಬಳಸುತ್ತಿದ್ದ ಕೆಲವು ಸೈಟುಗಳು ಇದರಿಂದ ಕೆಟ್ಟು ನಿಂತವು. ಕಂಪನಿ ಆ ನಿಯಮವನ್ನು, ಬೇಕಾದವರು ಮಾತ್ರ ಚಾಲೂ ಮಾಡಿಕೊಳ್ಳುವಂತೆ ಬದಲಿಸಿತು. ಹೊರಗೆ ನಿಂತವನಿಗೆ ಮನೆಯೊಳಗಿನ ವ್ಯವಹಾರ ಪೂರ್ತಿ ಗೊತ್ತಿರುವುದಿಲ್ಲ. ಆದ್ದರಿಂದ ಈ ಉಪಾಯ ಒಂದೆರಡು ದಿನದ ಸಮಯವನ್ನಷ್ಟೇ ಗಳಿಸಿಕೊಡುತ್ತದೆ.

ಪ್ಯಾಚ್ ಸೈಟಿಗೆ ತಲುಪದಿರುವುದು ಹೇಗೆ

ಕೊಡಗಿನಂಥ ಜಿಲ್ಲೆಯ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಫೋನಿನ ಆ್ಯಪ್‌ಗಳು ರಾತ್ರೋರಾತ್ರಿ ತಾವೇ ಹೊಸದಾಗುವುದನ್ನು ಕಂಡ ನಮಗೆ ವೆಬ್‌ಸೈಟ್ ಕೂಡ ಹಾಗೆಯೇ ಎಂಬ ನಂಬಿಕೆ ಇದೆ. ಸೈಟ್ ಕಟ್ಟುವ ಇನ್ನೊಂದು ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಮಟ್ಟಿಗೆ ಅದು ಬಹುಪಾಲು ಸರಿ: 2013ರ 3.7ನೇ ಆವೃತ್ತಿಯಿಂದ ಅದರ ಸಣ್ಣ ಭದ್ರತಾ ಪ್ಯಾಚ್‌ಗಳು ತಾವಾಗಿ ಬಂದು ಕೂರುತ್ತವೆ. 2024ರ ನವೆಂಬರ್‌ನಲ್ಲಿ ‘ರಿಯಲಿ ಸಿಂಪಲ್ ಸೆಕ್ಯುರಿಟಿ’ ಎಂಬ ಪ್ಲಗಿನ್‌ನಲ್ಲಿ, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ತಂತ್ರಾಂಶದಲ್ಲಿ, ಪಾಸ್‌ವರ್ಡ್ ಇಲ್ಲದೆ ಒಳಬರಬಹುದಾದ 9.8 ಅಂಕದ ಲೋಪ ಕಂಡಾಗ, ಅದನ್ನು ಬಳಸುತ್ತಿದ್ದ ಸೈಟುಗಳ ಸಂಖ್ಯೆ 40 ಲಕ್ಷ ಮೀರಿತ್ತು. ವರ್ಡ್‌ಪ್ರೆಸ್ ತಂಡ ಮಾಲೀಕರ ಒಪ್ಪಿಗೆಗೆ ಕಾಯದೆ ಪ್ಯಾಚನ್ನು ಬಲವಂತವಾಗಿಯೇ ತಳ್ಳಿತು.

ನೆಕ್ಸ್ಟ್.ಜೆಎಸ್‌ಗೆ ಅಂಥ ದಾರಿಯಿಲ್ಲ. ಸೈಟಿನ ಮೂಲ ಕೋಡಿನಲ್ಲಿ ‘ಪ್ಯಾಕೇಜ್.ಜೇಸನ್’ ಎಂಬ ಒಂದು ಕಡತ ಇರುತ್ತದೆ. ಅದರಲ್ಲಿ ಫ್ರೇಮ್‌ವರ್ಕ್‌ನ ಹೆಸರಿನ ಮುಂದೆ, ಉದಾಹರಣೆಗೆ, 14.1.0 ಎಂಬ ಸಂಖ್ಯೆ, ಅದರ ಹಿಂದೆ ಒಂದು ಟೋಪಿಯಂಥ ಚಿಹ್ನೆ ಇರಬಹುದು. ಆ ಚಿಹ್ನೆಯ ಅರ್ಥ 14ರ ಸರಣಿಯಲ್ಲಿ ಮುಂದಿನ ಯಾವ ಆವೃತ್ತಿಯಾದರೂ ಆಗಬಹುದು ಎಂದು. ಹಾಗಾದರೆ 14.2.25 ತಾನಾಗಿ ಬರಬೇಕಲ್ಲವೇ ಎಂದು ಅನಿಸುವುದು ಸಹಜ. ಬರುವುದಿಲ್ಲ. ಪಕ್ಕದಲ್ಲೇ ಇರುವ ‘ಲಾಕ್’ ಕಡತದಲ್ಲಿ, ಸೈಟ್ ಕಟ್ಟಿದ ದಿನ ಯಾವ ಆವೃತ್ತಿ ಇತ್ತೋ ಅದನ್ನೇ ಬಿಗಿಯಾಗಿ ಬರೆದಿಟ್ಟಿರುತ್ತದೆ. ಇಂದು ಕೆಲಸ ಮಾಡಿದ ಸೈಟ್ ನಾಳೆ ಇದ್ದಕ್ಕಿದ್ದಂತೆ ಮುರಿಯಬಾರದು ಎಂಬ ಮುನ್ನೆಚ್ಚರಿಕೆ ಅದು. ಹಾಗಾಗಿ ಯಾರಾದರೂ ಕೂತು ಆವೃತ್ತಿ ಬದಲಿಸಬೇಕು, ಸೈಟನ್ನು ಹೊಸದಾಗಿ ಬಿಲ್ಡ್ ಮಾಡಬೇಕು, ಬುಕಿಂಗ್ ಮತ್ತು ಹಣ ಪಾವತಿ ಕೆಲಸ ಮಾಡುತ್ತಿವೆಯೇ ಎಂದು ನೋಡಬೇಕು, ಸರ್ವರ್‌ಗೆ ಏರಿಸಬೇಕು. ಅದೇ ಸರಣಿಯೊಳಗಿನ ಬದಲಾವಣೆಯಾದರೆ ಪರಿಣತರಿಗೆ ಸಾಮಾನ್ಯವಾಗಿ ದೊಡ್ಡ ಕೆಲಸವಲ್ಲ.

ಆ ‘ಯಾರಾದರೂ’ ಯಾರು? ಬೆಂಗಳೂರು ಅಥವಾ ಮೈಸೂರಿನ ಒಬ್ಬ ಡೆವಲಪರ್ ಸೈಟ್ ಮಾಡಿಕೊಟ್ಟು, ಹಣ ಪಡೆದು, ಲಾಗಿನ್ ವಿವರ ಕೊಟ್ಟು ಹೋಗಿರುತ್ತಾರೆ. ಮಾಲೀಕರ ದೃಷ್ಟಿಯಲ್ಲಿ ಸೈಟ್ ಎಂಬುದು ಒಮ್ಮೆ ಹಣ ಕೊಟ್ಟು ಕಟ್ಟಿಸಿದ ವಸ್ತು. ಡೆವಲಪರ್ ದೃಷ್ಟಿಯಲ್ಲಿ ಒಪ್ಪಿಕೊಂಡ ಕೆಲಸ ಮುಗಿದಿದೆ. ಮುಂದಿನದು ಹೊಸ ಕೆಲಸ, ಹೊಸ ಹಣ. ಸರ್ವರ್ ಬಾಡಿಗೆ ಕೊಟ್ಟವರು ಯಂತ್ರಕ್ಕೆ ಜವಾಬ್ದಾರರು, ಅದರೊಳಗೆ ಓಡುವ ಕೋಡಿಗಲ್ಲ. ಯಾರ ಮಾತೂ ಸುಳ್ಳಲ್ಲ, ಆದರೂ ಪ್ಯಾಚ್ ಹಾಕುವ ಕೆಲಸ ಯಾರ ಪಾಲಿಗೂ ಬಂದಿಲ್ಲ. ತೋಟದ ಪಂಪ್‌ಸೆಟ್‌ಗೆ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವ ಜಿಲ್ಲೆಯಲ್ಲಿ ವೆಬ್‌ಸೈಟಿಗೆ ಮಾತ್ರ ಸರ್ವಿಸ್ ಎಂಬುದು ಇಲ್ಲವಾಗಿದೆ. ಕೆಟ್ಟರೆ ಸದ್ದು ಮಾಡುವ ಯಂತ್ರ ಅದಲ್ಲವಲ್ಲ.

‘ನಮ್ಮ ಸಣ್ಣ ಸೈಟ್ ಯಾರಿಗೆ ಬೇಕು?’

ಇದು ಸಾಮಾನ್ಯವಾಗಿ ಕೇಳಿಬರುವ ಮಾತು, ಮತ್ತು ಅಪಾಯದ ಮಾತು. ಇಂಥ ಲೋಪಗಳನ್ನು ಹುಡುಕುವುದು ಮನುಷ್ಯರು ಸೈಟಿನ ಹೆಸರು ಓದಿ ಆರಿಸಿಕೊಂಡು ಮಾಡುವ ಕೆಲಸವಲ್ಲ. ತಂತ್ರಾಂಶವೊಂದು ಅಂತರಜಾಲದ ವಿಳಾಸಗಳನ್ನು ಸಾಲಾಗಿ ತಟ್ಟುತ್ತಾ ಹೋಗುತ್ತದೆ, ತೆರೆದದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಮಡಿಕೇರಿಯ ಮೂರು ಕೋಣೆಯ ಹೋಂಸ್ಟೇಯೂ ಮುಂಬಯಿಯ ಬ್ಯಾಂಕೂ ಒಂದೇ.

ಸಣ್ಣ ಸೈಟಿನಲ್ಲಿರುವ ಮಾಹಿತಿ ಸಣ್ಣದೂ ಅಲ್ಲ. ಅತಿಥಿಗಳ ಗುರುತಿನ ಚೀಟಿ ಪಡೆಯುವುದು ಹೋಂಸ್ಟೇಯವರ ರೂಢಿ. ವಿದೇಶಿಯರು ಬಂದರೆ ಅವರ ವಿವರವನ್ನು 24 ಗಂಟೆಯೊಳಗೆ ಅಧಿಕಾರಿಗಳಿಗೆ ಸಲ್ಲಿಸಬೇಕಾದ್ದರಿಂದ ಪಾಸ್‌ಪೋರ್ಟ್ ಮತ್ತು ವೀಸಾ ವಿವರವೂ ಇರುತ್ತದೆ. ತೋಟದಲ್ಲಿ ದುಡಿಯುವ ಹೊರರಾಜ್ಯದ ಕಾರ್ಮಿಕರ ದಾಖಲೆ ಪಡೆದಿಡುವಂತೆ ಪೊಲೀಸರು ಮಾಲೀಕರಿಗೆ ಹೇಳುತ್ತಾ ಬಂದಿದ್ದಾರೆ; ಅವು ಕಾಗದದಿಂದ ಕಂಪ್ಯೂಟರಿಗೆ ಏರುತ್ತಿವೆ. ಮುಂದಿನ ವಾರ ಕುಟುಂಬವೊಂದು ಯಾವ ದಿನ ಮನೆಯಲ್ಲಿರುವುದಿಲ್ಲ, ಯಾವ ಫೋನ್ ನಂಬರಿನಿಂದ ಎಷ್ಟು ಮುಂಗಡ ಕಟ್ಟಿದೆ ಎಂಬುದು ಗೊತ್ತಾದರೆ, ಹೋಂಸ್ಟೇ ಹೆಸರಿನಲ್ಲೇ ಕರೆ ಮಾಡಿ ‘ಬಾಕಿ ಹಣವನ್ನು ಈ ಕ್ಯೂಆರ್ ಕೋಡಿಗೆ ಹಾಕಿ’ ಎಂದು ನಂಬಿಸುವುದು ವಂಚಕರಿಗೆ ಕಷ್ಟವಲ್ಲ. ಹಣ ಕಳೆದುಕೊಳ್ಳುವವರು ಅತಿಥಿಗಳು, ಹೆಸರು ಕೆಡುವುದು ಹೋಂಸ್ಟೇಯದು. 2018ರ ಭೂಕುಸಿತದ ನಂತರ ಪ್ರವಾಸಿಗರ ವಿಶ್ವಾಸವನ್ನು ಮರಳಿ ಗಳಿಸಲು ಎಷ್ಟು ಕಷ್ಟಪಡಬೇಕಾಯಿತು ಎಂಬುದನ್ನು ಕಂಡವರಿಗೆ ಆ ಹೆಸರಿನ ಬೆಲೆ ಗೊತ್ತು.

ಯಾರಾದರೂ ಆಗಲೇ ಒಳಗೆ ಬಂದಿದ್ದರೆ

ಪ್ಯಾಚ್ ಮುಂದಿನದನ್ನು ತಡೆಯುತ್ತದೆ, ನಡೆದುಹೋದದ್ದನ್ನು ಹೇಳುವುದಿಲ್ಲ. ಬೇಸರದ ಸಂಗತಿಯೆಂದರೆ, ಸರ್ವರ್‌ಗಳು ರೂಢಿಯಂತೆ ಬರೆದಿಡುವ ದಾಖಲೆಯಲ್ಲಿ ಸಮಯ, ವಿಳಾಸ, ಕೇಳಿದ ಪುಟ, ಕೊಟ್ಟ ಉತ್ತರದ ಸಂಖ್ಯೆ ಇರುತ್ತವೆಯೇ ಹೊರತು ಈ ಹೆಡರ್ ಇರುವುದಿಲ್ಲ. ಆದರೂ ಸುಳಿವು ಸಿಗಬಹುದು. ಲಾಗಿನ್ ಆಗದವರು ಅಡ್ಮಿನ್ ಪುಟ ಕೇಳಿದಾಗ ಸಾಮಾನ್ಯವಾಗಿ 307 ಎಂಬ ಸಂಖ್ಯೆ, ಅಂದರೆ ‘ಬೇರೆ ಪುಟಕ್ಕೆ ಹೋಗು’ ಎಂಬ ಉತ್ತರ, ದಾಖಲಾಗಿರುತ್ತದೆ. ಮಾಲೀಕರಾಗಲಿ ಸಿಬ್ಬಂದಿಯಾಗಲಿ ಎಂದೂ ಬಳಸದ ಅಪರಿಚಿತ ವಿಳಾಸದಿಂದ ಅಡ್ಮಿನ್ ಪುಟ ಕೇಳಿ, ಉತ್ತರವಾಗಿ 200, ಅಂದರೆ ‘ಇಗೋ ಪುಟ’ ಎಂಬುದು ಹೋಗಿದ್ದರೆ ಅದು ಅನುಮಾನಕ್ಕೆ ಕಾರಣ. ಅಂಥದು ಕಂಡರೆ, ಆ ಪುಟಗಳಲ್ಲಿ ಕಾಣುತ್ತಿದ್ದ ಪಾವತಿ ಸೇವೆಯ ಕೀಲಿಗಳನ್ನು ಬದಲಿಸಬೇಕು, ಗೊತ್ತಿಲ್ಲದ ಹೊಸ ಅಡ್ಮಿನ್ ಖಾತೆ ಹುಟ್ಟಿಕೊಂಡಿದೆಯೇ ಎಂದು ನೋಡಬೇಕು.

ಕಾನೂನು ಏನು ಹೇಳುತ್ತದೆ

ದೇಶದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಸರ್ವರ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ ₹250 ಕೋಟಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಅದು ಗರಿಷ್ಠ ಮಿತಿ. ಸಣ್ಣ ಹೋಂಸ್ಟೇಗೆ ಅಷ್ಟು ದಂಡ ಬೀಳುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಆದರೆ ಮಾಹಿತಿ ಸಂಗ್ರಹಿಸಿದವರೇ ಅದರ ರಕ್ಷಣೆಗೆ ಹೊಣೆ, ಸೈಟ್ ಕಟ್ಟಿಕೊಟ್ಟವರಲ್ಲ ಎಂಬ ತತ್ವ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳ ಹೊತ್ತಿಗೆ ಜಾರಿಗೆ ಬರುತ್ತವೆ. ಬೇಡದ ಆಧಾರ್ ಪ್ರತಿಗಳನ್ನು ಅಳಿಸಿಹಾಕಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ: ಇಲ್ಲದ ದಾಖಲೆ ಸೋರುವುದಿಲ್ಲ.

ಡಿಸೆಂಬರ್‌ನಲ್ಲಿ ಮತ್ತೆ

2025ರ ಡಿಸೆಂಬರ್ 3ರಂದು ನೆಕ್ಸ್ಟ್.ಜೆಎಸ್ ಬಳಸುವ ರಿಯಾಕ್ಟ್ ಸರ್ವರ್ ಕಾಂಪೊನೆಂಟ್ಸ್ ಎಂಬ ಭಾಗದಲ್ಲಿ ಸಿವಿಇ-2025-55182 ಬಹಿರಂಗವಾಯಿತು. ಹತ್ತಕ್ಕೆ ಹತ್ತು ಅಂಕ. ಇದು ಪ್ರವೇಶ ನಿಯಂತ್ರಣದ ಲೋಪವಲ್ಲ, ಅದಕ್ಕಿಂತ ಕೆಟ್ಟದ್ದು: ಹೊರಗಿನವರು ಸರ್ವರ್‌ನಲ್ಲಿ ತಮ್ಮದೇ ಕೋಡ್ ಓಡಿಸಬಹುದಿತ್ತು. ಗೇಟಿನ ಹಿಂದೆ ಕೋಣೆಗೆ ಹಾಕಿದ ಬೀಗವೂ ಇದರ ಮುಂದೆ ಸಾಲದು; ಆವೃತ್ತಿ ಬದಲಿಸುವುದೊಂದೇ ದಾರಿ. ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ದಾಳಿಗಳು ಶುರುವಾದವು. ನೆಕ್ಸ್ಟ್.ಜೆಎಸ್‌ನ 15 ಮತ್ತು 16ನೇ ಸರಣಿಗಳು ಇದಕ್ಕೆ ಸಿಕ್ಕಿಬಿದ್ದವು. ಮಾರ್ಚ್‌ನಲ್ಲಿ ಶ್ರದ್ಧೆಯಿಂದ 15.2.3ಕ್ಕೆ ಬಂದು ಅಲ್ಲೇ ನಿಂತವರೂ ಮತ್ತೆ 15.2.6ಕ್ಕೆ ಹೋಗಬೇಕಾಯಿತು, 14.2.25ರಲ್ಲಿ ನಿಂತವರಿಗೆ ಈ ಲೋಪ ತಾಗಲಿಲ್ಲ. ಕೆಲವೇ ದಿನಗಳಲ್ಲಿ ಅದೇ ಭಾಗದಲ್ಲಿ ಇನ್ನೆರಡು ಲೋಪಗಳು ಕಂಡು, ಮತ್ತೊಂದು ಸುತ್ತಿನ ಪ್ಯಾಚ್ ಬಂತು.

ತಮ್ಮ ಸೈಟ್ 14ರಲ್ಲಿದೆಯೋ 15ರಲ್ಲಿದೆಯೋ ಎಂಬುದು ಮಾಲೀಕರಿಗೆ ಗೊತ್ತಿರದಿದ್ದರೆ ಇಷ್ಟೆಲ್ಲ ವಿವರದಿಂದ ಅವರಿಗೆ ಉಪಯೋಗವಾಗುವುದಿಲ್ಲ. ಆದ್ದರಿಂದ ಸೈಟಿನ ನವೀಕರಣಕ್ಕೆ ಹಣ ಕಟ್ಟುವಾಗ ಡೆವಲಪರ್ ಜೊತೆಗಿನ ಒಪ್ಪಂದದಲ್ಲಿ ಮೂರು ಸಂಗತಿಗಳನ್ನು ಬರೆಸಿಕೊಳ್ಳಬಹುದು. ಫ್ರೇಮ್‌ವರ್ಕ್‌ನ ಹೆಸರು ಮತ್ತು ಆವೃತ್ತಿ ಮಾಲೀಕರ ಕೈಯಲ್ಲಿರಬೇಕು. ಗಂಭೀರ ಲೋಪದ ಪ್ಯಾಚ್ ಬಂದರೆ ಎಷ್ಟು ಗಂಟೆಯೊಳಗೆ, ಯಾರು ಹಾಕುತ್ತಾರೆ ಎಂಬುದು ನಿಗದಿಯಾಗಬೇಕು. ಮೂಲ ಕೋಡ್ ಮತ್ತು ಸರ್ವರ್‌ನ ಕೀಲಿ ಮಾಲೀಕರ ಬಳಿಯೂ ಒಂದು ಪ್ರತಿ ಇರಬೇಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಹೋಗಿ ಮಾಲೀಕರು ಎರಡು ದಿನ ಯಾರ ಕೈಗೂ ಸಿಗದಿದ್ದಾಗ, ಅವರ ಒಪ್ಪಿಗೆಗೆ ಕಾಯದೆ ಪ್ಯಾಚ್ ಹಾಕುವ ಅಧಿಕಾರವನ್ನೂ ಅದೇ ಕಾಗದದಲ್ಲಿ ಕೊಟ್ಟಿರಬೇಕಾಗುತ್ತದೆ.